ಬೆತ್ತಲೆ ಬಾರ್ಬೆಕ್ಯೂ: ಬಟ್ಟೆ ಬೇಡ, ಆದರೆ ಏಪ್ರನ್ ಬೇಕೇ ಬೇಕು! ಏನಿದು ಜರ್ಮನಿಯ ಪದ್ಧತಿ?

ಬೇಸಿಗೆ ಬಂತೆಂದರೆ ಜರ್ಮನಿಯ ಮ್ಯೂನಿಕ್ ನಗರದ ಇಸಾರ್ ನದಿ ದಂಡೆಯಲ್ಲಿ ಇದ್ದಿಲಿನ ಹೊಗೆ ಏಳುತ್ತದೆ. ಫ್ಲೌಖರ್ ಎಂಬ ಜಾಗದಲ್ಲಿ ಒಂದೆಡೆ ಸಾಸೇಜ್ ಸುಡುವ ಕುಟುಂಬಗಳು, ಅಲ್ಲೇ ಆಸುಪಾಸಿನಲ್ಲಿ ಮೈಮೇಲೆ ಬಟ್ಟೆಯೇ ಇಲ್ಲದೆ ಬಿಸಿಲು ಕಾಯಿಸಿಕೊಳ್ಳುವವರು. ಅಲ್ಲಿನವರಿಗೆ ಇದು ಸುದ್ದಿಯೇ ಅಲ್ಲ. ನಗ್ನವಾಗಿ ವಿಹರಿಸಲು ಮ್ಯೂನಿಕ್ ನಗರಾಡಳಿತವೇ 2014ರಲ್ಲಿ ಆರು ಜಾಗಗಳನ್ನು ಗುರುತಿಸಿಕೊಟ್ಟಿದೆ. ಬೆಂಕಿ ಹಚ್ಚುವುದಕ್ಕೂ ಪ್ರತ್ಯೇಕ ಜಾಗಗಳಿವೆ.

ಏನಿದು ನ್ಯಾಚುರಿಸಂ?

ಪ್ರಕೃತಿಯ ನಡುವೆ, ಇತರರೊಂದಿಗೆ ಸೇರಿ, ಬಟ್ಟೆಯಿಲ್ಲದೆ ಸಹಜವಾಗಿ ಕಾಲ ಕಳೆಯುವ ಜೀವನಶೈಲಿಯೇ ನ್ಯಾಚುರಿಸಂ. ಜರ್ಮನಿಯಲ್ಲಿ ಇದನ್ನು 'ಎಫ್‌ಕೆಕೆ' ಎನ್ನುತ್ತಾರೆ; 'ಮುಕ್ತ ದೇಹ ಸಂಸ್ಕೃತಿ' ಎಂದು ಇದರ ಅರ್ಥ. 1898ರಲ್ಲಿ ಎಸ್ಸೆನ್ ನಗರದಲ್ಲಿ ಇಂಥ ಮೊದಲ ಸಂಘ ಹುಟ್ಟಿತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ನಿಷೇಧದ ಬಿಸಿ ತಟ್ಟಿತು. ಮುಂದೆ ಪೂರ್ವ ಜರ್ಮನಿಯ ಬಾಲ್ಟಿಕ್ ಕಡಲತೀರದಲ್ಲಿ ಇದು ಸಾಮಾನ್ಯ ಜನರ ರಜೆಯ ಅಭ್ಯಾಸವೇ ಆಯಿತು.

ಇದಕ್ಕೂ ಲೈಂಗಿಕತೆಗೂ ಸಂಬಂಧವಿಲ್ಲ ಎನ್ನುವುದು ಈ ಸಂಘಗಳ ಮೂಲ ಪಾಠ. ಮಕ್ಕಳು, ಅಜ್ಜ-ಅಜ್ಜಿಯರು ಸೇರಿ ಇಡೀ ಕುಟುಂಬಗಳೇ ಇಲ್ಲಿಗೆ ಬರುತ್ತವೆ. ಈಜು, ವಾಲಿಬಾಲ್ ಮುಗಿದ ಮೇಲೆ ಸಂಜೆ ಎಲ್ಲರೂ ಸೇರುವುದು ಬಾರ್ಬೆಕ್ಯೂ ಸುತ್ತ. ಸಾಸೇಜ್, ಮಾಂಸದ ತುಂಡು, ಚೀಸ್, ಜೋಳದ ತೆನೆ, ಜೊತೆಗೆ ಆಲೂಗಡ್ಡೆ ಸಲಾಡ್. ಊಟದಲ್ಲಿ ವಿಶೇಷವೇನಿಲ್ಲ, ವಿಶೇಷವಿರುವುದು ಶಿಷ್ಟಾಚಾರದಲ್ಲಿ.

ಪಾಲಿಸಲೇಬೇಕಾದ ನಿಯಮಗಳು

* ಟವೆಲ್ ಕಡ್ಡಾಯ: ಕುರ್ಚಿ, ಬೆಂಚು, ಹುಲ್ಲುಹಾಸು ಎಲ್ಲೇ ಕೂತರೂ ಸ್ವಂತ ಟವೆಲ್ ಹಾಸಿಯೇ ಕೂರಬೇಕು.

* ಫೋಟೊಗೆ ಅನುಮತಿ: ಕೇಳದೆ ಮೊಬೈಲ್ ಎತ್ತುವಂತಿಲ್ಲ. ದಿಟ್ಟಿಸಿ ನೋಡುವುದೂ ಅಸಭ್ಯತೆಯೇ.

* ಅಡುಗೆಯವರಿಗೆ ಏಪ್ರನ್: ಮಾಂಸದ ಕೊಬ್ಬು ಕೆಂಡದ ಮೇಲೆ ಬಿದ್ದರೆ ಜ್ವಾಲೆ ಭುಗ್ಗೆಂದು ಏಳುತ್ತದೆ, ಎಣ್ಣೆ ಸಿಡಿಯುತ್ತದೆ. ಹಾಗಾಗಿ ಗ್ರಿಲ್ ಮುಂದೆ ನಿಲ್ಲುವವರು ಏಪ್ರನ್ ಮತ್ತು ಶೂ ಹಾಕಿಕೊಳ್ಳುವುದೇ ಜಾಣತನ. ಏಪ್ರನ್ ದಪ್ಪ ಹತ್ತಿಯದ್ದಾಗಿರಲಿ. ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

* ಸನ್‌ಸ್ಕ್ರೀನ್: ಸದಾ ಬಟ್ಟೆಯೊಳಗಿರುವ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ.

* ಕಾಡ್ಗಿಚ್ಚಿನ ಎಚ್ಚರ: ಬಿಸಿಲು ಬಲಿತು ಹುಲ್ಲು ಒಣಗಿದಾಗ ಆಡಳಿತ ಬಾರ್ಬೆಕ್ಯೂ ನಿಷೇಧಿಸಬಹುದು. ದಕ್ಷಿಣ ಫ್ರಾನ್ಸ್‌ನ ಹಲವು ಕ್ಯಾಂಪ್‌ಗಳಲ್ಲಿ ಬೇಸಿಗೆಯಲ್ಲಿ ಇದ್ದಿಲು ಉರಿಸುವಂತಿಲ್ಲ.

ಬೆಂಕಿಯ ಅಪಾಯ ಬಟ್ಟೆ ತೊಟ್ಟವರಿಗೂ ಇದೆ

ಇದ್ದಿಲು ಬೇಗ ಹತ್ತಿಕೊಳ್ಳಲಿ ಎಂದು ಸ್ಪಿರಿಟ್ ಅಥವಾ ಪೆಟ್ರೋಲ್ ಸುರಿಯುವುದು ಅತ್ಯಂತ ಅಪಾಯಕಾರಿ. ಆವಿಗೆ ಬೆಂಕಿ ತಗುಲಿ ಕ್ಷಣಾರ್ಧದಲ್ಲಿ ಸುರಿಯುವವರ ಮೈಗೇ ಹರಡುತ್ತದೆ. ಬರಿಮೈಯಲ್ಲಿದ್ದರೆ ಗಾಯ ಇನ್ನೂ ಗಂಭೀರ.

ಚರ್ಮ ಸುಟ್ಟರೆ ತಕ್ಷಣ 20 ನಿಮಿಷ ತಣ್ಣನೆಯ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು. ಟೂತ್‌ಪೇಸ್ಟ್, ಬೆಣ್ಣೆ, ಐಸ್ ಹಚ್ಚಬಾರದು, ಬೊಬ್ಬೆ ಒಡೆಯಬಾರದು. ಅಂಗೈಗಿಂತ ದೊಡ್ಡ ಗಾಯವಾದರೆ, ಅಥವಾ ಮುಖ, ಗುಪ್ತಾಂಗ ಸುಟ್ಟಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಮಳೆ ಬಂತೆಂದು ಉರಿಯುವ ಗ್ರಿಲ್ ಅನ್ನು ಟೆಂಟ್ ಒಳಗೆ ಒಯ್ಯುವುದು ಇನ್ನೊಂದು ದೊಡ್ಡ ತಪ್ಪು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೆಹಲಿಯ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರ ಜೀವ ತೆಗೆಯುವುದೂ ಇದೇ ಅನಿಲ.

ಮುಂಬೈ ಪಕ್ಕದ ಠಾಣೆಯ ನಂಟು

ಅಚ್ಚರಿಯೆಂದರೆ, ಎಸ್ಸೆನ್‌ಗಿಂತ ಏಳು ವರ್ಷ ಮೊದಲೇ, 1891ರಲ್ಲಿ ಠಾಣೆಯಲ್ಲಿ ಇಂಥದ್ದೊಂದು ಕೂಟ ಹುಟ್ಟಿತ್ತು. ಬ್ರಿಟಿಷ್ ನ್ಯಾಯಾಧೀಶ ಚಾರ್ಲ್ಸ್ ಎಡ್ವರ್ಡ್ ಗೋರ್ಡನ್ ಕ್ರಾಫರ್ಡ್ ಕಟ್ಟಿದ 'ಫೆಲೋಶಿಪ್ ಆಫ್ ದಿ ನೇಕೆಡ್ ಟ್ರಸ್ಟ್'ನಲ್ಲಿದ್ದದ್ದು ಮೂರೇ ಸದಸ್ಯರು. ಸಂಘ ಹೆಚ್ಚು ಕಾಲ ಬಾಳಲಿಲ್ಲ.

ಇಂದು ಭಾರತದಲ್ಲಿ ಇದಕ್ಕೆಂದು ಮೀಸಲಾದ ಅಧಿಕೃತ ಕಡಲತೀರಗಳಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲವಾಗಿ ವರ್ತಿಸಿದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ ಅಡಿ 3 ತಿಂಗಳವರೆಗೆ ಜೈಲು, 1,000 ರೂ.ವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಗೋವಾ, ಗೋಕರ್ಣದ ಬೀಚ್‌ಗಳೂ ಇದಕ್ಕೆ ಹೊರತಲ್ಲ. ಹಾಗಾಗಿ ಯುರೋಪ್‌ಗೆ ಹೋಗುವವರು ಕೂಡ ಅಲ್ಲಿನ ಸೂಚನಾ ಫಲಕ ಓದಿ, ಅನುಮತಿ ಇರುವ ಜಾಗದಲ್ಲಷ್ಟೇ ಬಟ್ಟೆ ಕಳಚುವುದು ಒಳಿತು. ಬೆಂಕಿ ಹಚ್ಚುವ ಮುನ್ನವೂ ಅಷ್ಟೇ.