ಸೂಟ್‌ಕೇಸಿನಲ್ಲಿ ಬಂದ ತತ್ತ್ವಶಾಸ್ತ್ರ

ಬೆಲ್ಜಿಯಂನ ಲ್ಯೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯ 1425ರಷ್ಟು ಹಳೆಯದು. 1889ರಲ್ಲಿ ಪಾದ್ರಿ ಮರ್ಸಿಯೆ ಅಲ್ಲಿ ತತ್ತ್ವಶಾಸ್ತ್ರದ ಸಂಸ್ಥೆಯನ್ನು ತೆರೆದರು. ಸಂತ ಥಾಮಸ್ ಅಕ್ವಿನಾಸರ ಜೊತೆಗೆ ಆಧುನಿಕ ವಿಜ್ಞಾನವನ್ನೂ ಓದಬೇಕೆಂಬುದು ಅವರ ನಿಲುವು.

ಈ ಸಂಸ್ಥೆಯ ವಿದ್ಯಾರ್ಥಿ, ಫ್ರಾನ್ಸಿಸ್ಕನ್ ಸನ್ಯಾಸಿ ವಾನ್ ಬ್ರೆಡಾ, ಎಡ್ಮಂಡ್ ಹುಸರ್ಲರನ್ನು ಕುರಿತು ಪ್ರಬಂಧ ಬರೆಯುತ್ತಿದ್ದರು. ಗಣಿತದಿಂದ ತತ್ತ್ವಶಾಸ್ತ್ರಕ್ಕೆ ಬಂದ ಹುಸರ್ಲ್ 1938ರ ಏಪ್ರಿಲ್‌ನಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ತೀರಿಕೊಂಡರು. ಅವರು ಯೆಹೂದಿ ಮೂಲದವರು. ನಾಜಿಗಳ ಕೈಗೆ ಸಿಕ್ಕಿದರೆ ಅವರ ಹಸ್ತಪ್ರತಿಗಳಿಗೆ ಉಳಿಗಾಲವಿರಲಿಲ್ಲ. ಆಗಸ್ಟ್‌ನಲ್ಲಿ ಅಲ್ಲಿಗೆ ಹೋದ ವಾನ್ ಬ್ರೆಡಾ, ಶೀಘ್ರಲಿಪಿಯಲ್ಲಿದ್ದ ಸುಮಾರು 40,000 ಪುಟಗಳನ್ನು ಸೂಟ್‌ಕೇಸುಗಳಿಗೆ ತುಂಬಿ, ಬರ್ಲಿನ್‌ನ ಬೆಲ್ಜಿಯಂ ರಾಯಭಾರ ಕಚೇರಿಗೆ ಒಯ್ದರು. ರಾಯಭಾರ ಕಚೇರಿಯ ಸಾಮಾನನ್ನು ಗಡಿಯಲ್ಲಿ ಬಿಚ್ಚಿ ನೋಡುವಂತಿಲ್ಲ. ಹಾಗೆ ಅವು ಲ್ಯೂವೆನ್ ಸೇರಿದವು.

ಹುಸರ್ಲ್ ಕ್ಯಾಥೊಲಿಕರಲ್ಲ. ಆದರೂ ಆ ಹಾಳೆಗಳನ್ನು ಓದಬಯಸುವವರು ಇಂದಿಗೂ ಹೋಗುವುದು ಕ್ಯಾಥೊಲಿಕ್ ಪರಂಪರೆಯ ಆ ವಿಶ್ವವಿದ್ಯಾಲಯಕ್ಕೇ.