ಹುಣಸೆಮರದಡಿಯ ಬೆಳಕು: ನಮ್ಮ ಸೀಮೆಯ ಗ್ರೂಪ್ ಫೋಟೋಗಳ ಒಂದು ಚರಿತ್ರೆ

(ಹಳೆಯ ವಿದ್ಯಾರ್ಥಿ, 2003-04ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಕಳೆದ ಆಷಾಢದಲ್ಲಿ ಸುವರ್ಣ ಮಹೋತ್ಸವ ಸಮಿತಿಯ ಹಿರಿಯರು ನನ್ನನ್ನು ಕರೆದು ಒಂದು ತಗಡಿನ ಟ್ರಂಕು ಒಪ್ಪಿಸಿದರು. "ನೀನು ಕಂಪ್ಯೂಟರ್‌ನವನು. ಇವನ್ನೆಲ್ಲ ಸ್ಕ್ಯಾನ್ ಮಾಡಿ, ಒಂಚೂರು ಚೆನ್ನಾಗಿ ಕಾಣೋ ಹಂಗೆ ಮಾಡ್ಕೊಡಪ್ಪ" ಎಂದರು. ಟ್ರಂಕಿನಲ್ಲಿ ನಮ್ಮ ಶಾಲೆ ಆರಂಭವಾದ 1974ರಿಂದೀಚಿನ ಹತ್ತನೇ ತರಗತಿಯ ಗ್ರೂಪ್ ಫೋಟೋಗಳಿದ್ದವು. ಕೆಲವಕ್ಕೆ ಗೆದ್ದಲು ಹಿಡಿದಿತ್ತು, ಕೆಲವು ಗಾಜಿಗೆ ಅಂಟಿಕೊಂಡಿದ್ದವು. ಸಿಕ್ಕಿದ್ದು ಒಟ್ಟು ಮೂವತ್ತೊಂದು. ಎರಡು ವಾರದ ಕೆಲಸವೆಂದು ಒಪ್ಪಿಕೊಂಡೆ. ಅದು ಐದು ತಿಂಗಳು ಹಿಡಿಯಿತು. ಈ ಬರಹ ಆ ಐದು ತಿಂಗಳಲ್ಲಿ ನಾನು ಕಲಿತದ್ದರ ವರದಿ.

ಚಿತ್ರದಲ್ಲಿ ಬೆಟ್ಟವಿತ್ತು, ನಾವಿರಲಿಲ್ಲ

ನಮ್ಮ ಸೀಮೆಯನ್ನು ಚಿತ್ರಕ್ಕೆ ಹಿಡಿದವರು ಮೊದಲು ನೋಡಿದ್ದು ಬೆಟ್ಟವನ್ನು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನು ವಶಪಡಿಸಿಕೊಂಡಿತು. ಆ ದಂಡಯಾತ್ರೆಯ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ 1794ರಲ್ಲಿ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕ ಹೊರತಂದ. ಅದರಲ್ಲಿ ಸಾವನದುರ್ಗದ ಬಂಡೆ ಇದೆ. ಇಂಥ ಚಿತ್ರಗಳಲ್ಲಿ ಮನುಷ್ಯರು ಹೆಚ್ಚಾಗಿ ಬೆಟ್ಟ ಎಷ್ಟು ದೊಡ್ಡದೆಂದು ತೋರಿಸುವ ಅಳತೆಗಷ್ಟೇ ಇರುತ್ತಾರೆ.

ಕ್ಯಾಮರಾ ಬಂದ ಮೇಲೆ ಮನುಷ್ಯರೂ ಚೌಕಟ್ಟಿನೊಳಗೆ ಬಂದರು, ಹೆಸರು ಮಾತ್ರ ಬರಲಿಲ್ಲ. 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಎಂಟು ಸಂಪುಟಗಳಲ್ಲಿ ಅಚ್ಚಾದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಸರ್ಕಾರಿ ಗ್ರಂಥದಲ್ಲಿ ದೇಶದ ನಾನಾ ಭಾಗದ ಜನರ ಭಾವಚಿತ್ರಗಳಿವೆ. ಬಹುಪಾಲು ಚಿತ್ರಗಳ ಕೆಳಗೆ ಜಾತಿ, ಪಂಗಡ, ಊರು ಇದೆ, ಕುಳಿತವರು ಯಾರೆಂಬುದಿಲ್ಲ. ಅಂದಿನ ರಾಸಾಯನಿಕಗಳಿಗೆ ಇನ್ನೊಂದು ಮಿತಿಯಿತ್ತು. ಅವು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಹಾಗಾಗಿ ಆಕಾಶ ಬೆಳ್ಳಗೆ ಬೋಳಾಗಿ ಬರುತ್ತಿತ್ತು. ನಮ್ಮಂಥ ಕಂದು ಮೈಬಣ್ಣ ಇರುವುದಕ್ಕಿಂತ ಕಪ್ಪಾಗಿ ಬರುತ್ತಿತ್ತು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲ್ಮು ಸಾಮಾನ್ಯ ಬಳಕೆಗೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ.

ನಮ್ಮ ಶಾಲೆ ಹುಟ್ಟಿದ ಕಾಲಕ್ಕೆ ಸರಿಯಾಗಿ ರಾಮದೇವರಬೆಟ್ಟದ ಬುಡದಲ್ಲಿ ದೊಡ್ಡ ಕ್ಯಾಮರಾಗಳೇ ಬಂದವು. 1973ರ ಅಕ್ಟೋಬರ್‌ನಲ್ಲಿ 'ಶೋಲೆ' ಚಿತ್ರೀಕರಣ ಶುರುವಾಯಿತು, 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಯಿತು. ಛಾಯಾಗ್ರಾಹಕ ದ್ವಾರಕಾ ದಿವೇಚಾ. ಬೆಳಕು ಹೊಂದದ ಕಾರಣಕ್ಕೆ ಎರಡು ಚಿಕ್ಕ ದೃಶ್ಯಗಳಿಗೇ 20 ದಿನ ಹಿಡಿಯಿತೆಂಬುದು ಆ ಚಿತ್ರದ ಚರಿತ್ರೆಯಲ್ಲಿ ದಾಖಲಾಗಿದೆ. ನಾವು ದಿನವೂ ದನ ಹೊಡೆದುಕೊಂಡು ಬರುತ್ತಿದ್ದ ಹೊತ್ತಿನ ಬೆಳಕಿಗಾಗಿ ಮುಂಬೈನವರು ಅಷ್ಟು ಖರ್ಚು ಮಾಡಿ ಕಾಯುತ್ತಿದ್ದರು! ಹತ್ತು ವರ್ಷದ ನಂತರ ಡೇವಿಡ್ ಲೀನ್ ತನ್ನ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೂ ಸಾವನದುರ್ಗಕ್ಕೇ ಬಂದ. ಬಂಡೆಗಳು ಮತ್ತೆ ಪ್ರಸಿದ್ಧವಾದವು. ಅದೇ ಬಂಡೆಗಳ ನೆರಳಲ್ಲಿ ಓದುತ್ತಿದ್ದ ನಮ್ಮ ಅಕ್ಕಂದಿರು, ಅಣ್ಣಂದಿರು ಹೇಗಿದ್ದರೆಂದು ತಿಳಿಯಲು ಉಳಿದಿರುವುದು ಟ್ರಂಕಿನ ಈ ಫೋಟೋಗಳಷ್ಟೇ.

ಮುಂಗೈ ನೋಡಿ ಬೆಳಕು ಅಳೆದವರು

ಮೊದಲ ಹದಿನೈದು ವರ್ಷದ ಫೋಟೋಗಳನ್ನು ತೆಗೆದವರು ಒಬ್ಬರೇ. ಪೇಟೆಯಿಂದ ಸೈಕಲ್ಲಿನಲ್ಲಿ, ಆಮೇಲೆ ಲೂನಾದಲ್ಲಿ, ಮೂರುಕಾಲಿನ ಸ್ಟ್ಯಾಂಡು ಕಟ್ಟಿಕೊಂಡು ಬರುತ್ತಿದ್ದ ಸ್ಟುಡಿಯೋದವರು. ಅವರು ಈಗಿಲ್ಲ. ಮಗ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್ ಅಂಗಡಿ ನಡೆಸುತ್ತಾರೆ. ಅವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದೆ.

"ನಮ್ಮಪ್ಪ ಮೀಟರ್ ಇಟ್ಕಂಡಿರ್ಲಿಲ್ಲ ಸಾರ್. ಮರದಡಿ ನಿಂತ್ಕಂಡು ಮುಂಗೈ ತಿರುಗಿಸಿ ತಿರುಗಿಸಿ ನೋಡೋರು. ಅಂಗೈ ಎಲ್ರುದೂ ಬೆಳ್ಳಗೇ ಇರ್ತದೆ, ಮುಂಗೈನೇ ನಮ್ ಬಣ್ಣ ಅನ್ನೋರು" ಎಂದರು.

ಇದರ ಹಿಂದಿನ ಶಾಸ್ತ್ರ ನನಗೆ ನಿಧಾನವಾಗಿ ಅರ್ಥವಾಯಿತು. ಕ್ಯಾಮರಾದ ಬೆಳಕಿನ ಮಾಪಕ, ಎದುರಿಗಿರುವುದೆಲ್ಲ ಸರಾಸರಿ ಬೂದುಬಣ್ಣ ಎಂದು ಎಣಿಸಿ ಲೆಕ್ಕ ಹಾಕುತ್ತದೆ. ನಮ್ಮ ಎದುರಿಗಿದ್ದದ್ದು ನಲವತ್ತು ಬಿಳಿ ಅಂಗಿಗಳು. ಮಾಪಕ ಅಂಗಿಗಳನ್ನು ನಂಬಿ 'ಬೆಳಕು ಜಾಸ್ತಿ' ಎನ್ನುತ್ತದೆ. ಅದರ ಮಾತು ಕೇಳಿದರೆ ಅಂಗಿ ಬೂದಾಗಿ, ಮುಖ ಕಪ್ಪಾಗುತ್ತದೆ. ನೇರ ಬಿಸಿಲಿನಲ್ಲಿ ಇನ್ನೂ ಕಷ್ಟ. ಹುಬ್ಬಿನ ಕೆಳಗೆ ಕಪ್ಪು ಗುಳಿ, ಮೂಗಿನ ಕೆಳಗೆ ನೆರಳಿನ ಮೀಸೆ, ಜೊತೆಗೆ ಕಣ್ಣು ಕಿರಿದುಮಾಡಿದ ಮುಖ. ಬೆಳ್ಳನೆ ಬಟ್ಟೆಯಿಂದ ಕಪ್ಪು ಕೂದಲಿನವರೆಗಿನ ಅಂತರವನ್ನು ಫಿಲ್ಮು ಆ ಬಿಸಿಲಿನಲ್ಲಿ ಹಿಡಿದಿಟ್ಟುಕೊಳ್ಳಲಾರದು.

ಅದಕ್ಕೇ ಅವರು ಮಕ್ಕಳನ್ನು ಹುಣಸೆಮರದ ಕೆಳಗೆ ತರುತ್ತಿದ್ದರು. ಬೆಳಗ್ಗೆ ಹತ್ತು ಗಂಟೆಗೆ ಮರದ ನೆರಳು ಪಶ್ಚಿಮಕ್ಕೆ ಬೀಳುತ್ತದೆ. ಮಕ್ಕಳು ಮರಕ್ಕೆ ಬೆನ್ನುಮಾಡಿ, ಶಾಲೆಯ ಸುಣ್ಣದ ಗೋಡೆಗೆ ಮುಖಮಾಡಿ ನಿಲ್ಲಬೇಕು. ಪೂರ್ವದ ಬಿಸಿಲು ಗೋಡೆಗೆ ಬಿದ್ದು, ಅಲ್ಲಿಂದ ತಿರುಗಿ ಮಕ್ಕಳ ಮುಖಕ್ಕೆ ಬರುತ್ತದೆ. ಅಂಗಳದ ಗರಸು ಮಣ್ಣು ಕೆಳಗಿನಿಂದ ಇನ್ನಷ್ಟು ಬೆಳಕು ಎತ್ತಿಕೊಡುತ್ತದೆ. ಗರಸು ಎಂದರೆ ಪುಡಿಯಾದ ನಮ್ಮ ಬೆಟ್ಟವೇ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ಅದು.

ನೆರಳಿಗೆ ಬಂದರೆ ಬೆಳಕು ಕಡಿಮೆಯಾಗುತ್ತದೆ. 100ರ ವೇಗದ ಫಿಲ್ಮಿಗೆ ಬಟಾಬಯಲಿನಲ್ಲಿ ಎಫ್/16, ಸೆಕೆಂಡಿನ 125ನೇ ಒಂದು ಭಾಗ ಸಾಕು. ಬಯಲಿಗೆ ತೆರೆದ ನೆರಳಿನಲ್ಲಿ ಎಫ್/5.6ಕ್ಕೆ ಬರಬೇಕು, ಅಂದರೆ ಎಂಟು ಪಟ್ಟು ಹೆಚ್ಚು ಬೆಳಕು ಒಳಗೆ ಬಿಡಬೇಕು. ಕಿಂಡಿ ದೊಡ್ಡದಾದಷ್ಟೂ ಹಿಂದುಮುಂದಿನ ಸಾಲುಗಳು ಮಸುಕಾಗುವ ಭಯ. ಆದ್ದರಿಂದ ಅವರ ಸಾಲುಗಳು ಒತ್ತೊತ್ತಾಗಿರುತ್ತವೆ: ನೆಲದ ಮೇಲೆ ಒಂದು ಸಾಲು, ಕುರ್ಚಿಯಲ್ಲಿ ಮೇಷ್ಟ್ರುಗಳು, ಹಿಂದೆ ನಿಂತವರು, ಅವರ ಹಿಂದೆ ಬೆಂಚಿನ ಮೇಲೆ ಎತ್ತರದ ಹುಡುಗರು. 120ರ ರೋಲಿನಲ್ಲಿ ಚೌಕಾಕಾರದ ಹನ್ನೆರಡು ಚಿತ್ರ ಮಾತ್ರ. ಒಂದು ತರಗತಿಗೆ ಎರಡೋ ಮೂರೋ ಒತ್ತುತ್ತಿದ್ದರಂತೆ. ಫಿಲ್ಮು, ಕಾಗದ ಎರಡೂ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು'.

ಆ ಚಿತ್ರಗಳಲ್ಲಿ ಹೊಳಪಿಲ್ಲ. ಅಪ್ಪಟ ಕಪ್ಪೂ ಅಪ್ಪಟ ಬಿಳುಪೂ ಕಡಿಮೆ. ನಡುವಿನ ಬೂದುಬಣ್ಣಗಳೇ ಹೆಚ್ಚು. ಮಂಕು ಎಂದು ಮೊದಲು ಅನ್ನಿಸುತ್ತದೆ. ಆದರೆ ಹಿಗ್ಗಿಸಿ ನೋಡಿದರೆ ಕಪ್ಪಗಿನ ಹುಡುಗನ ಕೆನ್ನೆಯ ಗುಂಡಿ ಕಾಣುತ್ತದೆ, ಅಂಗಿಯ ತೇಪೆ ಕಾಣುತ್ತದೆ, ಮೊದಲ ಸಾಲಿನ ಬರಿಗಾಲುಗಳು ಕಾಣುತ್ತವೆ. ಅವರು ಕಾಲುಗಳನ್ನು ಎಂದೂ ಚೌಕಟ್ಟಿನಿಂದ ಕತ್ತರಿಸಲಿಲ್ಲ. ಹಾಗಾಗಿ ಚಪ್ಪಲಿ ಯಾವ ವರ್ಷ ಬಂತು, ಹೆಣ್ಣುಮಕ್ಕಳ ಸಾಲು ಯಾವಾಗ ಉದ್ದವಾಯಿತು ಎಂಬುದನ್ನು ಹಾಜರಿ ಪುಸ್ತಕಕ್ಕಿಂತ ಚೆನ್ನಾಗಿ ಈ ಫೋಟೋಗಳೇ ಹೇಳುತ್ತವೆ.

ಇದೇ ಹಾದಿಯ ದೊಡ್ಡವರು ಮೈಸೂರಿನ ಟಿ.ಎಸ್. ಸತ್ಯನ್ (1923-2009). ಪದ್ಮಶ್ರೀ ಪಡೆದ ಪತ್ರಿಕಾ ಛಾಯಾಗ್ರಾಹಕರಾಗಿದ್ದೂ ಅವರ ಒಲವು ಬೀದಿಯ, ಬಯಲಿನ ಸಾಮಾನ್ಯ ಜನರ ಮೇಲೆ, ಇದ್ದ ಬೆಳಕಿನ ಮೇಲೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಕನ್ನಡದಲ್ಲಿ ಅವರ ಆತ್ಮಕಥನದ ಹೆಸರು 'ಕಾಲಕ್ಕೆ ಕನ್ನಡಿ'. ನಮ್ಮ ಸ್ಟುಡಿಯೋದವರು ಅವರ ಹೆಸರು ಕೇಳಿದ್ದರೋ ಇಲ್ಲವೋ, ಮಾಡಿದ್ದು ಅದೇ ಕೆಲಸ.

ಬಣ್ಣ ಬಂತು, ಮುಖ ಹೋಯಿತು

1990ರ ನಂತರದ ಫೋಟೋಗಳು ವರ್ಣಚಿತ್ರಗಳು. ನಮ್ಮ ತಂಡದ ಫೋಟೋವನ್ನು ಬೇರೊಬ್ಬರು ನಡುಮಧ್ಯಾಹ್ನ ಮೆಟ್ಟಿಲ ಮೇಲೆ ನಿಲ್ಲಿಸಿ ತೆಗೆದರು. ಅಂಗಿಗಳು ಸುಟ್ಟ ಸುಣ್ಣದಂತಿವೆ. ನನ್ನ ಪಕ್ಕದ ಗೆಳೆಯನ ಹಲ್ಲು ಮಾತ್ರ ಕಾಣುತ್ತದೆ. ಅದನ್ನು ತೋರಿಸಿ ಅವನನ್ನು ನಾವು ಎಷ್ಟು ವರ್ಷ ರೇಗಿಸಿದ್ದೇವೆ! ತಪ್ಪು ಅವನ ಬಣ್ಣದ್ದೆಂದೇ ನಾವೂ ನಂಬಿದ್ದೆವು, ಅವನೂ ನಂಬಿದ್ದ.

ತಪ್ಪಿನಲ್ಲಿ ಬಿಸಿಲಿನ ಪಾಲೊಂದೇ ಇರಲಿಲ್ಲ. ಅಮೆರಿಕದ ಕೊಡಕ್ ಕಂಪನಿ ಬಣ್ಣದ ಮುದ್ರಣ ಸರಿಯಿದೆಯೇ ಎಂದು ಹೊಂದಿಸಿ ನೋಡಲು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕೊಡುತ್ತಿತ್ತು. 1950ರ ದಶಕದಿಂದ ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿಯ ಹೆಣ್ಣುಮಗಳು. 'ಶೆರ್ಲಿ ಕಾರ್ಡ್' ಎಂದೇ ಅದಕ್ಕೆ ಹೆಸರು. ಆ ಮೈಬಣ್ಣ ಸರಿಬಂದರೆ ಎಲ್ಲ ಸರಿ ಎಂದು ಲೆಕ್ಕ. ಕಂದುಬಣ್ಣದ ಛಾಯೆಗಳು ಸರಿಯಾಗಿ ಬರುತ್ತಿಲ್ಲವೆಂದು ಚಾಕೊಲೇಟ್ ತಯಾರಕರು, ಮರದ ಪೀಠೋಪಕರಣ ತಯಾರಕರು ದೂರಿದ ಮೇಲೆಯೇ ಕಂಪನಿ ಅದರತ್ತ ಗಮನ ಕೊಟ್ಟಿತೆಂದು ಸಂಶೋಧಕರು ಬರೆದಿದ್ದಾರೆ. ಚನ್ನಪಟ್ಟಣದ ಬೊಂಬೆಗೆ ಸಿಗಬಹುದಾಗಿದ್ದ ನ್ಯಾಯ ಚನ್ನಪಟ್ಟಣದ ಮನುಷ್ಯನಿಗೆ ಮೊದಲು ಸಿಗಲಿಲ್ಲ. ನನ್ನ ವೃತ್ತಿಯವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ತಂತ್ರಾಂಶಗಳನ್ನು 2018ರಲ್ಲಿ ಪರೀಕ್ಷಿಸಿದಾಗ, ಬಿಳಿಯ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ 0.8 ಶೇಕಡಾ, ಕಪ್ಪು ಹೆಂಗಸರಲ್ಲಿ 34.7 ಶೇಕಡಾದವರೆಗೆ ಇತ್ತು.

"ಇದ್ಯಾರ್ಲಾ ಮಗ?"

ಇದನ್ನೆಲ್ಲ ನಾನು ಓದಿದ್ದು ಒಂದು ಪೆಟ್ಟು ತಿಂದ ಮೇಲೆ. ನಮ್ಮವ್ವ ಇದೇ ಶಾಲೆಯ 1981-82ರ ವಿದ್ಯಾರ್ಥಿನಿ. ಮದುವೆಗೆ ಮುಂಚಿನ ಅವಳ ಫೋಟೋ ಎಂದರೆ ಆ ವರ್ಷದ ಗ್ರೂಪ್ ಫೋಟೋ ಒಂದೇ. ಅದರ ಪ್ರತಿ ಕೊಳ್ಳಲು ಅವರ ಮನೆಯಲ್ಲಿ ಆಗ ದುಡ್ಡಿರಲಿಲ್ಲ. ಟ್ರಂಕಿನಲ್ಲಿ ಅದು ಸಿಕ್ಕಾಗ ಅವಳಿಗೆ ಅಚ್ಚರಿ ಕೊಡಬೇಕೆಂದು, ಹಳೆಯ ಚಿತ್ರಗಳನ್ನು ಹೊಸದು ಮಾಡುವ ತಂತ್ರಾಂಶಕ್ಕೆ ಕೊಟ್ಟೆ. ಅರ್ಧ ನಿಮಿಷದಲ್ಲಿ ಫಳಫಳ ಹೊಳೆಯುವ ಬಣ್ಣದ ಚಿತ್ರ ಬಂತು. ದೊಡ್ಡದಾಗಿ ಅಚ್ಚು ಹಾಕಿಸಿ, ಅವಳ ಮುಂದೆ ಹಿಡಿದೆ.

ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಇದ್ಯಾರ್ಲಾ ಮಗ? ಇವ್ರೆಲ್ಲ ಯಾರ ಮನೆ ಮಕ್ಳು?" ಎಂದಳು. ಎರಡನೇ ಸಾಲಿನ ಎಡತುದಿ ತೋರಿಸಿ "ನೀನೇ ಕಣವ್ವ" ಎಂದೆ. "ನಾನಲ್ಲ ಕಣಪ್ಪ. ನಾನೆಲ್ಲಿ ಇಷ್ಟು ಕೆಂಪಗಿದ್ದೆ?" ಎಂದು ನಗುತ್ತಲೇ ಪಕ್ಕಕ್ಕಿಟ್ಟಳು.

ಮೂಲ ಚಿತ್ರವನ್ನು ತಂದು ಕೊಟ್ಟೆ. ಒಂದು ಕ್ಷಣವೂ ಬೇಕಾಗಲಿಲ್ಲ. ತನ್ನನ್ನು ಮುಟ್ಟಿ, ಆಮೇಲೆ ಬೆರಳು ಸಾಲಿನುದ್ದಕ್ಕೂ ಓಡಿಸುತ್ತ ಒಂಬತ್ತು ಹುಡುಗಿಯರ ಹೆಸರನ್ನೂ ಹೇಳಿದಳು. ಇಬ್ಬರು ಈಗಿಲ್ಲ. ಅವಳ ಎಡಭುಜದ ಮೇಲೆ ಒಂದು ಬಿಳಿ ಮಚ್ಚೆಯಿತ್ತು. ತಂತ್ರಾಂಶ ಅದನ್ನು ಕಲೆಯೆಂದು ಅಳಿಸಿಹಾಕಿತ್ತು. ಅವ್ವ ಅದನ್ನೇ ನೋಡಿ ಹೇಳಿದಳು: "ಅವತ್ತು ಮನೇಲಿ ಹುಳ ಹಣ್ಣಾಗಿದ್ವು. ಚಂದ್ರಿಕೆಗೆ ಬಿಟ್ಟು ಓಡಿ ಬರೋ ಹೊತ್ಗೆ ಎಲ್ಲಾ ನಿಂತಿದ್ರು. ಫೋಟೋದೋರು, ಆ ಮಗೀನೂ ಬರ್ಲಿ ತಡೀರಿ ಅಂದ್ರು. ಅಷ್ಟೊತ್ಗೆ ನೆರಳು ಹಿಂದಕ್ಕೆ ಹೋಗಿತ್ತು. ತುದೀಲಿ ನಿಂತೆ, ಭುಜಕ್ಕೆ ಬಿಸ್ಲು ಬಿತ್ತು."

ಹೊತ್ತು ಏರಿದಂತೆ ಮರದ ನೆರಳು ಮೊಟಕಾಗುತ್ತದೆ. ತಡವಾಗಿ ಬಂದ ಒಬ್ಬ ಹುಡುಗಿಗಾಗಿ ಒಬ್ಬರು ತಮ್ಮ ಒಳ್ಳೆಯ ಬೆಳಕನ್ನು ಬಿಟ್ಟುಕೊಟ್ಟು ಕಾದದ್ದರ ಗುರುತು ಆ ಮಚ್ಚೆ. ನಾನು ಅದನ್ನು ಒರೆಸಿ 'ಚೆನ್ನಾಗಿ' ಮಾಡಿದ್ದೆ.

ಓದುಗರಲ್ಲಿ ಒಂದು ಕೋರಿಕೆ

ಈ ಸಂಚಿಕೆಯ ಫೋಟೋಗಳನ್ನು ಧೂಳು, ಗೀರು ತೆಗೆದದ್ದು ಬಿಟ್ಟರೆ ಇದ್ದಂತೆಯೇ ಅಚ್ಚು ಹಾಕಿದ್ದೇವೆ. ಮಂಕೆಂದು ಮುದ್ರಕರನ್ನು ಬೈಯಬೇಡಿ. ವರ್ಣಚಿತ್ರಗಳಲ್ಲಿ ಕೆಲವು ಕೆಂಪಡರಿರುವುದು ಅವುಗಳ ಬಣ್ಣಗಳಲ್ಲಿ ಒಂದು ಬೇಗ ಮಾಸಿದ್ದರಿಂದ. ಕಪ್ಪುಬಿಳುಪಿನವು ಬೆಳ್ಳಿಯಿಂದಾದವು, ಹೈಪೋ ಚೆನ್ನಾಗಿ ತೊಳೆದಿದ್ದರೆ ನಮಗಿಂತ ಹೆಚ್ಚು ಕಾಲ ಬಾಳುತ್ತವೆ.

ಹತ್ತೊಂಬತ್ತು ವರ್ಷಗಳ ಫೋಟೋಗಳು ಇನ್ನೂ ಸಿಕ್ಕಿಲ್ಲ. ಯಾರ ಮನೆಯ ಗೋಡೆಯಲ್ಲಾದರೂ ಇದ್ದರೆ ತಿಳಿಸಿ. ನಾನೇ ಬಂದು ಸ್ಕ್ಯಾನ್ ಮಾಡಿಕೊಂಡು, ಅಲ್ಲೇ ಹಿಂದಿರುಗಿಸುತ್ತೇನೆ. ಇರುವ ಫೋಟೋಗಳ ಹಿಂದೆ ಪೆನ್ಸಿಲ್ಲಿನಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆದಿಡಿ. ಪೆನ್ನಿನ ಶಾಯಿ ಮುಂದಕ್ಕೆ ಹಬ್ಬುತ್ತದೆ. ಹೆಸರು ಹೇಳಬಲ್ಲವರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಿದ್ದಾರೆ.

ಮಹೋತ್ಸವದ ದಿನ ಎಲ್ಲ ಹಳೆಯ ವಿದ್ಯಾರ್ಥಿಗಳ ಗ್ರೂಪ್ ಫೋಟೋ ಇದೆ. ಹುಣಸೆಮರ ಈಗಲೂ ಇದೆ, ಗೋಡೆಗೆ ಸುಣ್ಣ ಹೊಡೆಸಿದ್ದೇವೆ. ಹತ್ತು ಗಂಟೆಗೆ ಸರಿಯಾಗಿ ಬನ್ನಿ. ತಡವಾದರೂ ಬನ್ನಿ, ಕಾಯುತ್ತೇವೆ.