ಟ್ಯಾಂಕಿನ ತಳದ ನೀರು

ಮೇ ತಿಂಗಳ ಕೊನೆ. ರಾತ್ರಿಯಿಡೀ ಅಲುಗದೆ ನಿಂತ ಹಳೇ ಲಾರಿಯ ಕೆಳಗೆ, ಇನ್ನೂ ಎಂಜಿನ್ ಚಾಲೂ ಮಾಡುವ ಮೊದಲೇ, ಕ್ಲೀನರ್ ಹುಡುಗ ಗೋಣಿಚೀಲ ಹಾಸಿಕೊಂಡು ನುಸುಳುತ್ತಾನೆ. ಡೀಸೆಲ್ ಟ್ಯಾಂಕಿನ ತಳದ ಬೋಲ್ಟನ್ನು ಸ್ಪ್ಯಾನರಿನಲ್ಲಿ ನಾಲ್ಕು ಸುತ್ತು ಸಡಿಲಿಸಿ ಗಾಜಿನ ಬಾಟಲಿ ಒಡ್ಡುತ್ತಾನೆ. ಮೊದಲು ಇಳಿಯುವುದು ನೀರು, ಕಷಾಯದ ಬಣ್ಣದ್ದು. ಅದರ ಬೆನ್ನಿಗೆ ಕಾಫಿ ಚರಟದಂಥ ಕೆಂಗಪ್ಪು ಪುಡಿ. ಆಮೇಲಷ್ಟೇ ತಿಳಿ ಡೀಸೆಲ್. ಬಾಟಲಿಯನ್ನು ಸ್ವಲ್ಪ ಹೊತ್ತು ಇಟ್ಟು ಬೆಳಕಿಗೆ ಹಿಡಿದರೆ ಭಾರದ ನೀರು ಕೆಳಗೆ, ಹಗುರ ಡೀಸೆಲ್ ಮೇಲೆ, ಎರಡು ಪದರ ಬೇರೆಬೇರೆಯಾಗಿ ಕಾಣುತ್ತವೆ. ಗಾಡಿ ಒಂದು ಫರ್ಲಾಂಗು ಓಡಿದ್ದರೂ ಇವೆರಡೂ ಕಲಸಿಹೋಗುತ್ತಿದ್ದವು. ಈ ಕೆಲಸಕ್ಕೆ ಬೆಳಗಿನ ಜಾವವೇ ಆಗಬೇಕಾದದ್ದು ಅದಕ್ಕೇ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಲಾರಿಯ ಟ್ಯಾಂಕು ಕೆಡುವುದು ಓಡುವಾಗಿನ ಸವಕಳಿಗಿಂತ ಹೆಚ್ಚಾಗಿ ನಿಂತಾಗಿನ ತೇವದಿಂದ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್. ಆ ತಿಂಗಳುಗಳಲ್ಲಿ ಲಾರಿಗೆ ಪುರುಸೊತ್ತಿಲ್ಲ, ಟ್ಯಾಂಕಿಗೆ ಬಿದ್ದ ಡೀಸೆಲ್ ಎರಡು ದಿನ ಉಳಿಯುವುದಿಲ್ಲ. ಜೂನ್ ಕೊನೆಗೆ ಆರಿದ್ರಾ ಹಿಡಿಯಿತೆಂದರೆ ಪುನರ್ವಸು, ಪುಷ್ಯ, ಆಶ್ಲೇಷ ಒಂದರ ಹಿಂದೊಂದು ಬಂದು ತೋಟದ ದಾರಿಗಳೆಲ್ಲ ಕೆಸರಾಗುತ್ತವೆ. ಲಾರಿ ಶೆಡ್ಡು ಸೇರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ಅರ್ಧ ಗಾಳಿ, ಆ ಗಾಳಿಯಲ್ಲಿ ಮಲೆನಾಡಿನ ತೇವ. ಹಗಲು ಬೆಚ್ಚಗಾದ ಗಾಳಿ ಮುಚ್ಚಳದ ಸಣ್ಣ ತೂತಿನಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಹಸಿ ಗಾಳಿ ಒಳಗೆ ಬರುತ್ತದೆ. ತಣ್ಣನೆಯ ತಗಡಿನ ಮೇಲೆ ಬೆವರು ಮೂಡಿ ಹನಿಯಾಗಿ ಜಾರಿ, ಡೀಸೆಲನ್ನು ದಾಟಿ, ತಳ ಸೇರುತ್ತದೆ.

ಈ ಬೆಟ್ಟಗಳಿಗೆ ಲಾರಿ ಬರುವ ಮುಂಚೆ ಕಾಫಿ ಹೊತ್ತದ್ದು ಎತ್ತಿನ ಗಾಡಿ. ಹತ್ತೊಂಬತ್ತನೇ ಶತಮಾನದಲ್ಲಿ ತೋಟಗಳು ಹಬ್ಬಿದಂತೆ ಘಾಟಿ ಇಳಿದು ಮಂಗಳೂರಿನ ಕಾಫಿ ಸಂಸ್ಕರಣೆಯ ಕಾರ್ಖಾನೆಗಳಿಗೆ ಹೋಗುವ ದಾರಿಗಳು ಕಾಫಿಯ ದಾರಿಗಳಾದವು. ಮೂಡಲ ಕಡೆಗೆ ಮೈಸೂರು ಸೀಮೆಯ ರೈಲು 1889ರಲ್ಲಿ ಹರಿಹರ ತಲುಪಿದ ಮೇಲೆ ಕಡೂರು ನಿಲ್ದಾಣ ಇನ್ನೊಂದು ಬಾಗಿಲಾಯಿತು. ಆದರೆ ಆ ರೈಲು ಕಡೂರಿನಿಂದ ಚಿಕ್ಕಮಗಳೂರಿಗೆ ಬರಲು 2013ರ ನವೆಂಬರ್ ಆಗಬೇಕಾಯಿತು. ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಊರಿನ ಕಾಫಿ ರಸ್ತೆಯನ್ನೇ ನಂಬಿತ್ತು ಎಂಬುದನ್ನು ಮರೆತರೆ ಇಲ್ಲಿಯ ಗ್ಯಾರೇಜುಗಳ ಚರಿತ್ರೆ ಅರ್ಥವಾಗುವುದಿಲ್ಲ. ಗಾಡಿಯ ಕಾಲದಲ್ಲಿ ಕಬ್ಬಿಣದ ಅಚ್ಚಿಗೆ ಕೀಲೆಣ್ಣೆ ಹಚ್ಚುವುದು, ಚಕ್ರದ ಪಟ್ಟಿಯನ್ನು ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ ಕೂರಿಸುವುದು ನಿತ್ಯದ ಕೆಲಸವಾಗಿತ್ತು. ಕಬ್ಬಿಣವನ್ನು ಎಣ್ಣೆಯಲ್ಲಿಟ್ಟು ಕಾಪಾಡುವ ಆ ತಿಳಿವಳಿಕೆ ಲಾರಿಯ ಕಾಲಕ್ಕೂ ದಾಟಿಬಂತು.

ಲಾರಿಗಳು ಮೊದಲು ಪೆಟ್ರೋಲಿನವು. ಎರಡನೇ ಮಹಾಯುದ್ಧದ ಪೆಟ್ರೋಲ್ ಬರದಲ್ಲಿ ಇದ್ದಿಲಿನ ಗ್ಯಾಸಿನಿಂದಲೂ ಮೋಟಾರುಗಳನ್ನು ಓಡಿಸಿದ್ದುಂಟು. ಡೀಸೆಲ್ ಲಾರಿ ಎಲ್ಲೆಡೆ ಹಬ್ಬಿದ್ದು 1954ರಲ್ಲಿ ಟೆಲ್ಕೊ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದ ಮೇಲೆ. 1969ರಲ್ಲಿ ಆ ಒಪ್ಪಂದ ಮುಗಿದು ಬೆಂಜ್‌ನ ನಕ್ಷತ್ರದ ಜಾಗದಲ್ಲಿ ಟಾಟಾದ ಗುರುತು ಕೂತರೂ ಹಳಬರ ಬಾಯಲ್ಲಿ ಬಹುಕಾಲ ಅದು ಬೆಂಜ್ ಲಾರಿಯೇ. ಮದರಾಸಿನ ಅಶೋಕ್ ಲೇಲ್ಯಾಂಡ್ ಲಾರಿಗಳೂ ಅದೇ ಕಾಲದವು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪು ಮಾತ್ರ ನಮ್ಮ ಬೆಂಗಳೂರಿನದು: ಬಾಷ್ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಆಡುಗೋಡಿಯಲ್ಲಿ ಅದನ್ನು ತಯಾರಿಸುತ್ತಿತ್ತು.

ಟ್ಯಾಂಕಿನ ತುಕ್ಕಿಗೆ ಚಾಲಕರು ಅಷ್ಟು ಹೆದರಿದ್ದಕ್ಕೆ ಈ ಪಂಪೇ ಕಾರಣ. ಅದರೊಳಗಿನ ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಕೆಲವೇ ಮೈಕ್ರಾನ್‌ಗಳದು. ಮನುಷ್ಯನ ತಲೆಕೂದಲು ಅದರ ಹತ್ತು ಪಟ್ಟಿಗೂ ಹೆಚ್ಚು ದಪ್ಪ. ಆ ಸಂದಿಗೆ ಡೀಸೆಲೇ ಜಾರೆಣ್ಣೆ. ಡೀಸೆಲಿನ ಜಾಗದಲ್ಲಿ ನೀರು ಬಂದರೆ ಲೋಹ ಲೋಹವನ್ನೇ ತಿನ್ನುತ್ತದೆ, ಫಿಲ್ಟರಿನಿಂದ ನುಸುಳಿದ ತುಕ್ಕಿನ ಪುಡಿ ಅರದಂತೆ ಉಜ್ಜುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹೊರೆ ಹೊತ್ತು ಏರುವಾಗ ಫಿಲ್ಟರ್ ಕಟ್ಟಿಕೊಂಡು ಎಂಜಿನ್ ಏದುಸಿರು ಬಿಟ್ಟು ನಿಂತರೆ, ಮಳೆಯಲ್ಲಿ ನೆನೆಯುತ್ತ ಫಿಲ್ಟರ್ ತೊಳೆದು, ಕೈಪಂಪು ಒತ್ತಿ ಏರ್ ಬಿಡಿಸಬೇಕು. ಕೊಟ್ಟಿಗೆಹಾರದ ಮಂಜಿನಲ್ಲಿ ಒಮ್ಮೆ ಈ ಪಾಡು ಪಟ್ಟವನು ಟ್ಯಾಂಕಿನ ಬೋಲ್ಟನ್ನು ಮತ್ತೆ ಮರೆಯುವುದಿಲ್ಲ.

ಘಾಟಿಯ ಕೆಳಗೂ ತುಕ್ಕಿಗೆ ಮೇವು ಕಾದಿತ್ತು. ಕಾಫಿ ಇಳಿಸಿದ ಲಾರಿ ಬರಿದಾಗಿ ಮೇಲೆ ಬರುತ್ತಿರಲಿಲ್ಲ. ಮಂಗಳೂರು ಹೆಂಚು, ಉಪ್ಪು, ಒಣಮೀನು ಹೇರಿಕೊಂಡು ಬರುತ್ತಿತ್ತು. 1976ರಲ್ಲಿ ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಶುರುವಾದ ಮೇಲೆ ಗೊಬ್ಬರದ ಚೀಲವೂ ಸೇರಿತು. ಸೋರಿದ ಉಪ್ಪು, ಗೊಬ್ಬರದ ಹುಡಿ ತಾವೇ ತೇವ ಎಳೆದುಕೊಳ್ಳುವ ಪದಾರ್ಥಗಳು. ಟ್ಯಾಂಕನ್ನು ಚಾಸಿಗೆ ಬಿಗಿದಿಡುವ ಕಬ್ಬಿಣದ ಪಟ್ಟಿಯ ಅಡಿಯಲ್ಲಿ ಅವು ಕೆಸರಿನ ಜೊತೆ ಕೂತರೆ ತಗಡನ್ನು ಹೊರಗಿನಿಂದ ಮೆಲ್ಲುತ್ತವೆ. ಪಟ್ಟಿಯ ಅಡಿಗೆ ಹಳೇ ಟ್ಯೂಬಿನ ರಬ್ಬರು ಕತ್ತರಿಸಿ ಕೊಡುವುದು, ವರ್ಷಕ್ಕೊಮ್ಮೆ ಪಟ್ಟಿ ಬಿಚ್ಚಿ ಕೆರೆದು ರೆಡ್ ಆಕ್ಸೈಡ್ ಬಳಿಯುವುದು, ಇವು ಸಣ್ಣ ಕೆಲಸಗಳಂತೆ ಕಂಡರೂ ಟ್ಯಾಂಕಿನ ಆಯುಸ್ಸು ನಿಂತಿರುವುದು ಅವುಗಳ ಮೇಲೆಯೇ.

ಒಳಗಿನ ಕಥೆ ಬೇರೆ. ಅಂದಿನ ಅನೇಕ ಟ್ಯಾಂಕುಗಳ ತಗಡಿಗೆ ಸೀಸ ಮತ್ತು ತವರದ ಲೇಪವಿರುತ್ತಿತ್ತು, ತಾಮ್ರದ ಪಾತ್ರೆಗೆ ಕಲಾಯಿ ಹಾಕಿದಂತೆ. ಕಲಾಯಿ ಇರುವ ತನಕ ಕಬ್ಬಿಣಕ್ಕೆ ನೀರು ತಾಗದು. ತೂತು ಬಿದ್ದು ಗ್ಯಾಸ್ ವೆಲ್ಡಿಂಗ್ ಮಾಡಿಸಿದಾಗ ಉರಿಯ ಸುತ್ತಲಿನ ಲೇಪ ಸುಟ್ಟುಹೋಗುತ್ತದೆ. ಮುಂದಿನ ಮಳೆಗಾಲದ ತುಕ್ಕು ಅಲ್ಲಿಂದಲೇ ಹೊರಡುತ್ತದೆ. ಒಮ್ಮೆ ಬೆಸುಗೆ ಹಾಕಿದ ಟ್ಯಾಂಕು ಮತ್ತೆಮತ್ತೆ ಅದೇ ಆಸುಪಾಸಿನಲ್ಲಿ ಸೋರುವುದು ಇದರಿಂದ. ನಡುದಾರಿಯಲ್ಲಿ ಸೋರಿದರೆ ಬಟ್ಟೆ ಸೋಪಿನ ತುಂಡನ್ನು ಬಿರುಕಿಗೆ ತಿಕ್ಕಿ ಊರು ಸೇರುವುದು ಚಾಲಕರೆಲ್ಲರಿಗೂ ಗೊತ್ತಿದ್ದ ಉಪಾಯ. ಡೀಸೆಲಿಗೆ ಸೋಪು ಸುಲಭಕ್ಕೆ ಕರಗದು.

ವೆಲ್ಡಿಂಗಿನ ಅಪಾಯವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಭಯಂಕರ. ಒಳಗೆ ಉಳಿದ ಡೀಸೆಲಿನ ಪಸೆ ಬಿಸಿಗೆ ಆವಿಯಾಗಿ ಗಾಳಿಯೊಡನೆ ಬೆರೆತರೆ, ಒಂದು ಕಿಡಿಗೆ ಟ್ಯಾಂಕು ಬಾಂಬಿನಂತೆ ಸಿಡಿಯುತ್ತದೆ. ಬಲ್ಲ ಮೇಸ್ತ್ರಿ ಟ್ಯಾಂಕನ್ನು ಕಳಚಿ, ಸೋಡಾ ಹಾಕಿದ ಬಿಸಿನೀರಿನಲ್ಲಿ ಹಲವು ಸಲ ತೊಳೆದು, ಆಮೇಲೆ ತೂತಿನ ಅಂಚಿನವರೆಗೂ ನೀರು ತುಂಬಿಸಿ, ಆವಿ ನಿಲ್ಲಲು ಜಾಗವೇ ಇಲ್ಲದಂತೆ ಮಾಡಿ, ಟ್ಯಾಂಕಿನ ಬಾಯಿ ತೆರೆದಿಟ್ಟುಕೊಂಡೇ ಬೆಂಕಿ ಹಚ್ಚುತ್ತಾನೆ. ಅವಸರದಲ್ಲಿ ಇದನ್ನು ಬಿಟ್ಟವರು ಕೈ, ಕಣ್ಣು, ಜೀವ ಕಳೆದುಕೊಂಡಿದ್ದಾರೆ.

ತುಕ್ಕು ಬರೀ ಒಳಮೈಯಲ್ಲಿದ್ದರೆ ಬೇರೆ ಚಿಕಿತ್ಸೆ. ಹಿಡಿಯಷ್ಟು ಜಲ್ಲಿ ಅಥವಾ ತುಂಡು ಸರಪಳಿಯನ್ನು ಸ್ವಲ್ಪ ಡೀಸೆಲ್ ಜೊತೆ ಒಳಗೆ ಹಾಕಿ, ಟ್ಯಾಂಕನ್ನು ಇಬ್ಬರು ಹಿಡಿದು ಅತ್ತಿತ್ತ ಉರುಳಿಸಿದರೆ ಹೆಕ್ಕಳೆ ಎದ್ದುಬರುತ್ತದೆ. ಫಾಸ್ಫಾರಿಕ್ ಆಮ್ಲ ಸಿಕ್ಕುವಲ್ಲಿ ಅದರಲ್ಲಿ ತೊಳೆದು, ಪೂರ್ತಿ ಒಣಗಿಸಿ, ತಡಮಾಡದೆ ಎಣ್ಣೆ ಮುಟ್ಟಿಸಬೇಕು. ತೊಳೆದ ಬರಿ ಕಬ್ಬಿಣ ಮಲೆನಾಡಿನ ಗಾಳಿಯಲ್ಲಿ ಬೇಗನೆ ಕೆಂಪಾಗುತ್ತದೆ.

ಇದೇ ಬೆಟ್ಟಗಳಲ್ಲಿ ಓಡುತ್ತಿದ್ದ ಬಸ್ಸುಗಳಿಗೆ ಈ ಕಾಟ ಅಷ್ಟಿರಲಿಲ್ಲ. ಮುಚ್ಚಿಹೋದ ಖಾಸಗಿ ಬಸ್ ಕಂಪನಿಯ ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿ, 2020ರವರೆಗೆ ನಡೆಸಿದ ಸಹಕಾರ ಸಾರಿಗೆಯ ಬಸ್ಸುಗಳು ಜಡಿಮಳೆಯಲ್ಲೂ ದಿನಾ ಓಡಿದವು. ದಿನಾ ಡೀಸೆಲ್ ತುಂಬುವ ಟ್ಯಾಂಕಿನಲ್ಲಿ ನೀರಿಗೆ ತಂಗಲು ಬಿಡುವಿಲ್ಲ. ಋತುವಿಗೆ ತಕ್ಕಂತೆ ದುಡಿಯುವ ಲಾರಿಗೆ ಆ ಭಾಗ್ಯವಿಲ್ಲ. ಮಳೆಗಾಲಕ್ಕೆ ನಿಲ್ಲಿಸುವ ಮುನ್ನ ಟ್ಯಾಂಕನ್ನು ಕಂಠದವರೆಗೆ ತುಂಬಿಸು ಎಂದು ಮೇಸ್ತ್ರಿಗಳು ಹೇಳುವುದೇನೋ ಸರಿ. ಬೆವರಲು ಗಾಳಿಯೇ ಇರುವುದಿಲ್ಲ. ಆದರೆ ದುಡಿಮೆಯಿಲ್ಲದ ಮೂರು ತಿಂಗಳು ನೂರಕ್ಕೂ ಹೆಚ್ಚು ಲೀಟರ್ ಡೀಸೆಲನ್ನು ಸುಮ್ಮನೆ ಇಡುವ ಶಕ್ತಿ ಒಂದೇ ಲಾರಿಯ ಮಾಲೀಕನಿಗೆ ಎಲ್ಲಿಂದ ಬರಬೇಕು? ಹಲವು ಟ್ಯಾಂಕುಗಳನ್ನು ತುಕ್ಕು ತಿಂದದ್ದು ಅಜ್ಞಾನದಿಂದಲ್ಲ, ಕೈಯಲ್ಲಿ ಕಾಸಿಲ್ಲದ್ದರಿಂದ.

ಈ ಸೀಮೆಯ ಮಣ್ಣಿನ ಬಣ್ಣವೂ ತುಕ್ಕಿನದೇ. ಬಾಬಾಬುಡನ್‌ಗಿರಿಯ ಸಾಲಿನ ಕೆಮ್ಮಣ್ಣುಗುಂಡಿಯಿಂದ ಅದಿರು ಇಳಿದು 1923ರಲ್ಲಿ ಶುರುವಾದ ಭದ್ರಾವತಿ ಕಾರ್ಖಾನೆಯಲ್ಲಿ ಕಬ್ಬಿಣವಾಗುತ್ತಿತ್ತು. ಕಳಸದ ನೆರೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅದಿರು ತೆಗೆದರು. ಅದಿರು ಎಂದರೆ ಆಮ್ಲಜನಕ ಬೆರೆತ ಕಬ್ಬಿಣ. ಟ್ಯಾಂಕಿನ ತಳದ ಕೆಂಪು ಪುಡಿಯೂ ರಾಸಾಯನಿಕವಾಗಿ ಅದರ ದಾಯಾದಿ.

ಈಗಿನ ಅನೇಕ ಗಾಡಿಗಳಿಗೆ ಪ್ಲಾಸ್ಟಿಕ್ ಟ್ಯಾಂಕು. ಡೀಸೆಲಿನಲ್ಲಿ ಹಿಂದೆ ನೂರಕ್ಕೆ ಒಂದರವರೆಗೂ ಇರಬಹುದಾಗಿದ್ದ ಗಂಧಕ 2020ರ ಏಪ್ರಿಲ್‌ನಿಂದ ಹತ್ತು ಲಕ್ಷಕ್ಕೆ ಹತ್ತು ಪಾಲಿಗೆ ಇಳಿದಿದೆ. ಅದು ಉರಿದಾಗ ಹುಟ್ಟುವ ಆಮ್ಲದಿಂದ ಎಂಜಿನ್ನಿಗಾಗುವ ಕಾಟವೂ ತಗ್ಗಿದೆ. ಆದರೂ ತೋಟದ ಗೊಬ್ಬರ, ಮೆಣಸು, ಸೌದೆ ಸಾಗಿಸಲು ಉಳಿದ ಹಳೇ ಲಾರಿಗಳಿವೆ, ಅವುಗಳ ತಳದಲ್ಲಿ ಆ ಬೋಲ್ಟೂ ಇದೆ. ಹುಡುಗ ಅದಕ್ಕೆ ಹೊಸ ತಾಮ್ರದ ವಾಷರ್ ಹಾಕಿ ಬಿಗಿದು, ಬೆರಳಾಡಿಸಿ ಪಸೆ ಇಲ್ಲವೆಂದು ನೋಡಿ, ಬಾಟಲಿಯ ಕೆಂಪು ನೀರನ್ನು ಮೇಸ್ತ್ರಿಗೆ ತೋರಿಸಲು ಎತ್ತಿಕೊಂಡು ಹೊರಬರುತ್ತಾನೆ.